ಹೆಸರು ಕೆತ್ತಬಾರದೆಂಬ ಕಟ್ಟಳೆ: ರೋಮ್‌ನ ಹಳೆಯ ಯಹೂದಿ ಕೇರಿಯಲ್ಲಿ ಕಲ್ಲು ಓದುತ್ತಾ ಒಂದು ನಡಿಗೆ

ಶಾಸನ ಓದುವ ಚಟ ಹತ್ತಿದವರ ಜೊತೆ ಪ್ರವಾಸ ಹೋಗೋದು ಮನೆಯವರಿಗೆ ಒಂದು ಶಿಕ್ಷೆ. ಎಲ್ಲರೂ ತಲೆ ಎತ್ತಿ ಗೋಪುರ ನೋಡ್ತಿದ್ದರೆ ನಾವು ಬಗ್ಗಿ ಅಧಿಷ್ಠಾನದ ಪಟ್ಟಿಕೆಯಲ್ಲಿ ಅಕ್ಷರ ಏನಾದರೂ ಇದೆಯಾ ಅಂತ ಹುಡುಕ್ತಿರ್ತೀವಿ. ಒಂದು ಮೇ ತಿಂಗಳಲ್ಲಿ ರೋಮ್‌ಗೆ ಹೋದಾಗಲೂ ಹೀಗೇ ಆಯಿತು. ಜೊತೆಗೆ ಬಂದವರು ವ್ಯಾಟಿಕನ್ ನೋಡಲು ಸಾಲಿನಲ್ಲಿ ನಿಂತ ದಿನ ನಾನು ತಪ್ಪಿಸಿಕೊಂಡು ಟೈಬರ್ ನದಿಯ ಎಡದಂಡೆಯಲ್ಲಿರುವ ಹಳೆಯ ಯಹೂದಿ ಕೇರಿಗೆ ಹೋದೆ. ಅಲ್ಲಿಯವರು ಅದನ್ನು ಈಗಲೂ 'ಘೆಟ್ಟೊ' ಅಂತಲೇ ಕರೀತಾರೆ.

ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆದರೆ ಐದೇ ನಿಮಿಷ. ಆದರೆ ಕ್ರಿ.ಪೂ. 62ರಿಂದ ಹಿಡಿದು ನಮ್ಮ ಕಾಲದವರೆಗಿನ ಬರಹಗಳು ಇಷ್ಟು ಒತ್ತಾಗಿ ಸಿಗುವ ಇನ್ನೊಂದು ಕೇರಿಯನ್ನು ನಾನು ನೋಡಿಲ್ಲ. ಹೊರಟಾಗ ನನ್ನ ಲೆಕ್ಕ ಸರಳವಾಗಿತ್ತು. ಸಿಕ್ಕ ಕಲ್ಲನ್ನೆಲ್ಲ ಓದೋದು, ಫೋಟೋ ತೆಗೆಯೋದು, ಆಮೇಲೆ ಕಾಲಾನುಕ್ರಮದಲ್ಲಿ ಜೋಡಿಸೋದು. ನಡಿಗೆ ಮುಗಿಯುವ ಹೊತ್ತಿಗೆ ತಲೆಯಲ್ಲಿ ಬೇರೆಯೇ ಪ್ರಶ್ನೆ ಇತ್ತು: ಈ ಕೇರಿಯಲ್ಲಿ ಗೋಡೆಯೊಳಗೆ ಮುನ್ನೂರು ವರ್ಷ ಬಾಳಿದವರ ಹೆಸರುಗಳು ಎಲ್ಲಿ ಹೋದವು?

ಸೇತುವೆ: ಕ್ರಿ.ಪೂ. 62

ನಾನು ನಡಿಗೆ ಶುರು ಮಾಡಿದ್ದು ನದಿಯ ನಡುವಿನ ದ್ವೀಪದಿಂದ. ದ್ವೀಪವನ್ನು ಎಡದಂಡೆಗೆ ಸೇರಿಸುವುದು ಪೊಂತೆ ಫಾಬ್ರೀಚೊ ಎಂಬ ಸೇತುವೆ. ರೋಮ್ ನಗರದಲ್ಲಿ ಬಹುಮಟ್ಟಿಗೆ ಮೂಲ ರೂಪದಲ್ಲೇ ಉಳಿದು ಇವತ್ತಿಗೂ ಜನ ಓಡಾಡುವ ಪ್ರಾಚೀನ ಸೇತುವೆಗಳಲ್ಲಿ ಇದೇ ಅತಿ ಹಳೆಯದು. ಮೇಲೆ ನಡೆದುಹೋಗುವವರಿಗೆ ಶಾಸನ ಕಾಣೋದಿಲ್ಲ. ಮೆಟ್ಟಿಲಿಳಿದು ನೀರಿನ ಪಕ್ಕದ ಹಾದಿಯಿಂದ ನೋಡಿದರೆ ಕಮಾನಿನ ಮೇಲೆ ದಪ್ಪ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಅದರ ಸಾರ ಇಷ್ಟು: ಗಾಯುಸನ ಮಗ, ರಸ್ತೆಗಳ ಮೇಲ್ವಿಚಾರಕನಾದ ಲೂಕಿಯುಸ್ ಫಾಬ್ರಿಕಿಯುಸ್ ಇದನ್ನು ಮಾಡಿಸಿದ, ಅವನೇ ಪರೀಕ್ಷಿಸಿ ಒಪ್ಪಿದ.

ಕಾಮಗಾರಿ ಮಾಡಿಸಿದವನೂ ಅವನೇ, ಸರಿಯಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟವನೂ ಅವನೇ! ಇದೇ ಪಾಠ ಎರಡೂ ಕಮಾನುಗಳ ಎರಡೂ ಬದಿಯಲ್ಲಿ, ಅಂದರೆ ನಾಲ್ಕು ಸಲ ಇದೆ. ಭಾಷೆ ಗಮನಿಸಿ. 'ಮಾಡಿಸಿದ' ಎಂಬುದಕ್ಕೆ ಆಮೇಲಿನ ಲ್ಯಾಟಿನ್‌ನಲ್ಲಿ 'ಕುರಾವಿತ್' ಅಂತ ಬರೆಯುತ್ತಾರೆ, ಇಲ್ಲಿರುವುದು 'ಕೊಯೆರಾವಿತ್'. 'ಪ್ರೊಬಾವಿತ್' ಇರಬೇಕಾದ ಕಡೆ 'ಪ್ರೊಬಾವೆಯಿತ್' ಇದೆ. ನಾವು ೞ, ಱ ಬಳಕೆ ನೋಡಿ ಒಂದು ಶಾಸನದ ಕಾಲವನ್ನು ಅಂದಾಜು ಮಾಡ್ತೀವಲ್ಲ, ಅಂಥದೇ ಕುರುಹು ಇದು. ಇದರ ಜೊತೆಗೆ ಸಣ್ಣ ಅಕ್ಷರದ ಇನ್ನೊಂದು ಬರಹವಿದೆ. ಕ್ರಿ.ಪೂ. 21ರ ಇಬ್ಬರು ಕಾನ್ಸಲ್‌ಗಳು, ಲೆಪಿದುಸ್ ಮತ್ತು ಲೊಲ್ಲಿಯುಸ್, ಸೆನೇಟಿನ ನಿರ್ಣಯದಂತೆ ಸೇತುವೆಯನ್ನು ಮತ್ತೆ ಪರೀಕ್ಷಿಸಿ ಒಪ್ಪಿದರು ಎಂದು ಅದು ಹೇಳುತ್ತೆ. ಎರಡು ಸಾವಿರ ವರ್ಷ ಪ್ರವಾಹ ತಡೆದು ನಿಂತಿದೆ ಅಂದ ಮೇಲೆ ಫಾಬ್ರಿಕಿಯುಸನ ಸರ್ಟಿಫಿಕೇಟು ಸುಳ್ಳಲ್ಲ ಅಂತ ಒಪ್ಪಬೇಕು.

ಚರ್ಚಿನ ಬಾಗಿಲ ಮೇಲೆ ಹೀಬ್ರೂ

ಸೇತುವೆ ದಾಟಿದ ಕೂಡಲೇ ಎದುರಿಗೆ ಸಾನ್ ಗ್ರೆಗೊರಿಯೊ ಎಂಬ ಚಿಕ್ಕ ಚರ್ಚು. ಈಗಿರುವ ಮುಂಭಾಗ 18ನೇ ಶತಮಾನದ್ದು. ಬಾಗಿಲ ಮೇಲೆ ಒಂದು ಫಲಕ, ಅದರಲ್ಲಿ ಎರಡು ಲಿಪಿ, ಹೀಬ್ರೂ ಮತ್ತು ಲ್ಯಾಟಿನ್. ದ್ವಿಭಾಷಾ ಶಾಸನ ಅಂದರೆ ನಮ್ಮಂಥವರಿಗೆ ಹಬ್ಬ. ಆದರೆ ವಿಷಯ ತಿಳಿದಾಗ ಆ ಖುಷಿ ಇಳಿದುಹೋಯಿತು.

ಬರಹವನ್ನು ಆಯ್ದದ್ದು ಯೆಶಾಯನ ಗ್ರಂಥದ 65ನೇ ಅಧ್ಯಾಯದಿಂದ. ಮಾತು ಕೇಳದೆ ತಪ್ಪು ದಾರಿ ಹಿಡಿದ ಜನರತ್ತ ದೇವರು ದಿನವಿಡೀ ಕೈಚಾಚಿ ಕರೆದ ಎಂಬುದು ಅದರ ಅರ್ಥ. ಯಹೂದಿಗಳ ಪವಿತ್ರ ಗ್ರಂಥದ್ದೇ ಮಾತು, ಅವರದೇ ಲಿಪಿ. ಹಾಕಿದ್ದು ಮಾತ್ರ ಚರ್ಚಿನವರು. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1555ರ ಜುಲೈ 14ರಂದು ಪೋಪ್ ನಾಲ್ಕನೇ ಪಾಲ್ ಒಂದು ಆಜ್ಞಾಪತ್ರ ಹೊರಡಿಸಿದ. ಯಹೂದಿಗಳೆಲ್ಲ ಒಂದೇ ಕಡೆ, ಉಳಿದವರಿಂದ ಬೇರೆಯಾಗಿ ಇರಬೇಕು; ಸ್ಥಿರಾಸ್ತಿ ಹೊಂದುವಂತಿಲ್ಲ; ಗುರುತಿಗೆ ಗಂಡಸರು ಹಳದಿ ಟೋಪಿ ಹಾಕಬೇಕು; ಹಳೇ ಬಟ್ಟೆ, ಚಿಂದಿಯಂಥ ವ್ಯಾಪಾರ ಬಿಟ್ಟರೆ ಬೇರೆ ವ್ಯಾಪಾರ ಕೂಡದು; ಊರಿಗೆ ಒಂದೇ ಪ್ರಾರ್ಥನಾಮಂದಿರ. ಕೇರಿಯ ಸುತ್ತ ಗೋಡೆ ಎದ್ದಿತು, ರಾತ್ರಿ ಬಾಗಿಲಿಗೆ ಬೀಗ ಬಿತ್ತು. ಗೋಡೆ ಕಟ್ಟಿದ ಖರ್ಚೂ ಅವರ ತಲೆಯ ಮೇಲೇ. ಪ್ರವಾಹ ಬಂದರೆ ಮೊದಲು ಮುಳುಗುವುದು ಈ ತಗ್ಗಿನ ಜಾಗವೇ. ಒಂದೇ ಮಂದಿರ ಎಂಬ ನಿಯಮಕ್ಕೆ ಅವರು ಕಂಡುಕೊಂಡ ಉಪಾಯ ಮೆಚ್ಚುವಂಥದು: ಒಂದೇ ಕಟ್ಟಡದ ಒಳಗೆ ಐದು ಪಂಗಡಗಳು ಐದು ಮಂದಿರ ಮಾಡಿಕೊಂಡವು. 'ಚಿಂಕ್ವೆ ಸ್ಕೋಲೆ', ಅಂದರೆ ಐದು ಶಾಲೆಗಳು, ಎಂಬ ಹೆಸರು ಅಲ್ಲಿಯ ಚೌಕಕ್ಕೆ ಇನ್ನೂ ಇದೆ.

ಅದೇ ಶತಮಾನದಲ್ಲಿ ಪೋಪ್ 13ನೇ ಗ್ರೆಗೊರಿ ಇನ್ನೊಂದು ನಿಯಮ ತಂದ. ಯಹೂದಿಗಳು ಕ್ರೈಸ್ತ ಉಪದೇಶವನ್ನು ಕಡ್ಡಾಯವಾಗಿ ಬಂದು ಕೇಳಬೇಕು. ಅಂಥ ಉಪದೇಶ ನಡೆಯುತ್ತಿದ್ದ ಜಾಗಗಳಲ್ಲಿ ಈ ಚರ್ಚೂ ಒಂದು. ಕೇಳಿಸದಿರಲಿ ಅಂತ ಜನ ಕಿವಿಗೆ ಮೇಣ ತುಂಬಿಕೊಂಡು ಬರುತ್ತಿದ್ದರಂತೆ ಎಂಬ ಮಾತು ರೋಮ್‌ನಲ್ಲಿ ಇನ್ನೂ ಬಾಯಿಂದ ಬಾಯಿಗೆ ಉಳಿದಿದೆ. ಕಿವಿಗೇನೋ ಮೇಣ ತುಂಬಬಹುದು, ಕಣ್ಣಿಗೆ? ಕೇರಿಯಿಂದ ಹೊರಬಂದವನು ತಲೆ ಎತ್ತಿದರೆ ಅವನ ಲಿಪಿಯಲ್ಲೇ ಅವನಿಗೆ ಬೈಗುಳ ಕಾದಿತ್ತು.

ಪೋರ್ಟಿಕೊ: ಕ್ರಿ.ಶ. 203, ಮತ್ತು ಮೀನಿನ ಕಲ್ಲು

ಅಲ್ಲಿಂದ ಸ್ವಲ್ಪ ನಡೆದರೆ ಒಕ್ಟಾವಿಯಾಳ ಪೋರ್ಟಿಕೊ. ಅಗಸ್ಟಸ್ ತನ್ನ ಅಕ್ಕನ ಹೆಸರಿನಲ್ಲಿ ಕಟ್ಟಿಸಿದ ಕಂಬಸಾಲಿನ ಮಂಟಪ ಇದು. ಈಗ ಉಳಿದಿರುವ ಮುಖಮಂಟಪ ಅವನ ಕಾಲದ್ದಲ್ಲ, ಆಮೇಲಿನ ಜೀರ್ಣೋದ್ಧಾರ. ಬಿದ್ದುಹೋದ ಎರಡು ಕಂಬಗಳ ಜಾಗದಲ್ಲಿ ಮಧ್ಯಯುಗದವರು ಇಟ್ಟಿಗೆಯ ಕಮಾನು ಕಟ್ಟಿ ಮೇಲಿನ ಭಾರ ನಿಲ್ಲಿಸಿದ್ದಾರೆ.

ಕಂಬಗಳ ಮೇಲಿನ ತೊಲೆಗಲ್ಲಿನಲ್ಲಿರುವ ಶಾಸನದ ತಿರುಳು ಚಿಕ್ಕದು: ಚಕ್ರವರ್ತಿ ಸೆಪ್ಟಿಮಿಯುಸ್ ಸೆವೆರುಸ್ ಮತ್ತು ಅವನ ಮಗ (ನಾವು ಕಾರಕಲ್ಲಾ ಅಂತ ಓದಿದವನು) ಬೆಂಕಿಯಿಂದ ಹಾಳಾದ ಈ ಮಂಟಪವನ್ನು ಸರಿಪಡಿಸಿದರು. ಅದಕ್ಕೆ ಮೊದಲು ಬಿರುದುಗಳ ದೊಡ್ಡ ಸಾಲು. ಅರಬ್ಬರನ್ನು ಗೆದ್ದವನು, ಪಾರ್ಥಿಯನ್ನರನ್ನು ಗೆದ್ದವನು... ನಮ್ಮ ಚಾಲುಕ್ಯ ಶಾಸನಗಳ ಬಿರುದಾವಳಿ ಓದಿ ಅಭ್ಯಾಸ ಇರುವವರಿಗೆ ಇದೇನೂ ಹೊಸದಲ್ಲ. ಇಸವಿ ಇಲ್ಲ, ಆದರೂ ಕಾಲ ಖಚಿತ. ರೋಮ್‌ನ ಚಕ್ರವರ್ತಿಗೆ 'ಟ್ರಿಬ್ಯೂನ್ ಅಧಿಕಾರ' ವರ್ಷವರ್ಷವೂ ನವೀಕರಣ ಆಗುತ್ತಿತ್ತು. ಅದರ ಎಣಿಕೆ ನಮ್ಮ ಆಳ್ವಿಕೆಯ ವರ್ಷದ ಎಣಿಕೆ ಇದ್ದ ಹಾಗೆ. ಇಲ್ಲಿ ಅಪ್ಪನಿಗೆ 11ನೆಯದು, ಮಗನಿಗೆ 6ನೆಯದು. ಎರಡೂ ಒಟ್ಟಿಗೆ ಕೂಡುವುದು ಕ್ರಿ.ಶ. 203ರಲ್ಲಿ.

ಈ ಅವಶೇಷದೊಳಗೇ 8ನೇ ಶತಮಾನದಲ್ಲಿ ಒಂದು ಚರ್ಚು ಹುಟ್ಟಿತು. ಹೆಸರು ಸಾಂತಾಂಜೆಲೊ ಇನ್ ಪೆಸ್ಕೆರಿಯಾ, ಅಂದರೆ ಮೀನುಮಾರುಕಟ್ಟೆಯ ಚರ್ಚು. ಮಂಟಪದ ಸುತ್ತಮುತ್ತ 19ನೇ ಶತಮಾನದವರೆಗೂ ನಗರದ ಮೀನು ಸಂತೆ ನಡೀತಿತ್ತು. ಆ ಸಂತೆಯ ಒಂದು ಶಾಸನ ಪಕ್ಕದ ಕಂಬದಲ್ಲಿದೆ, ಅಮೃತಶಿಲೆಯ ಒಂದು ಫಲಕ. ಲ್ಯಾಟಿನ್ ಪಾಠದ ಅರ್ಥ: ಈ ಅಮೃತಶಿಲೆಯ ಉದ್ದಕ್ಕಿಂತ ದೊಡ್ಡದಾದ ಮೀನುಗಳ ತಲೆಯನ್ನು, ಮೊದಲ ಈಜುರೆಕ್ಕೆಯವರೆಗೆ, ಆ ರೆಕ್ಕೆಯೂ ಸೇರಿದಂತೆ, ನಗರಾಧಿಕಾರಿಗಳಿಗೆ ಕೊಡತಕ್ಕದ್ದು.

ಇದು ಅಪ್ಪಟ ಸುಂಕದ ಶಾಸನ! ಕಲ್ಲೇ ಆಜ್ಞೆ, ಕಲ್ಲೇ ಅಳತೆಗೋಲು. ನಮ್ಮಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಭೂಮಿ ಅಳೆಯುವ ಕೋಲಿನ ಉದ್ದ ಕೆತ್ತಿರುತ್ತಾರಲ್ಲ, ಹಾಗೆ. ಸಾರಿಗೆ ರುಚಿ ತಲೆಯ ಭಾಗವೇ ಅಂತ ಅಧಿಕಾರಿಗಳಿಗೂ ಗೊತ್ತಿತ್ತು. 'ರೆಕ್ಕೆಯೂ ಸೇರಿದಂತೆ' ಎಂಬ ಮಾತು ನೋಡಿ. ಇದರ ಹಿಂದೆ ಎಷ್ಟು ಜಗಳ ನಡೆದಿರಬೇಕು! ಕೊನೆಯ ಪದ 'ದಾಂತೊ', ಅಂದರೆ 'ಕೊಡತಕ್ಕದ್ದು'. ಹಳೆಯ ರೋಮನ್ ಕಾನೂನುಗಳ ಗತ್ತಿನ ಕ್ರಿಯಾರೂಪ ಅದು. ಮೀನಿನ ತಲೆಗೂ ಅದೇ ಗತ್ತು.

ಇದೇ ಮಂಟಪದ ಪಕ್ಕದ ಕಟ್ಟಡದ ಗೋಡೆಯಲ್ಲಿ 1964ರ ಒಂದು ಇಟಾಲಿಯನ್ ಫಲಕ ಇದೆ. 1943ರ ಅಕ್ಟೋಬರ್ 16ರಂದು ಯಹೂದಿಗಳ ನಿರ್ದಯ ಬೇಟೆ ಇಲ್ಲಿಂದ ಶುರುವಾಯಿತು, 2,091 ರೋಮನ್ ನಾಗರಿಕರನ್ನು ನಾಜಿ ಶಿಬಿರಗಳಲ್ಲಿ ಸಾಯಲು ಕಳಿಸಲಾಯಿತು ಎಂದು ಅದು ಹೇಳುತ್ತದೆ. ಇಲ್ಲಿ ಓದುಗರು ಎಡವಬಾರದು. 2,091 ಎಂಬುದು ಆ ಒಂದೇ ದಿನದ ಲೆಕ್ಕವಲ್ಲ, ಯುದ್ಧ ಮುಗಿಯುವವರೆಗಿನ ರೋಮ್‌ನ ಒಟ್ಟು ಲೆಕ್ಕ. ಆ ದಿನ ಜರ್ಮನ್ ಪಡೆ ನಗರದಲ್ಲೆಲ್ಲ ಹಿಡಿದದ್ದು 1,259 ಮಂದಿಯನ್ನು. ಕೆಲವರನ್ನು ಬಿಟ್ಟು, ಸಾವಿರಕ್ಕೂ ಹೆಚ್ಚು ಜನರನ್ನು ಎರಡು ದಿನದ ನಂತರ ರೈಲಿನಲ್ಲಿ ಔಷ್‌ವಿಟ್ಸ್‌ಗೆ ಕಳಿಸಿದರು. ತಿರುಗಿ ಬಂದವರು 16. ಒಂದು ವಾಕ್ಯದಲ್ಲಿ ಎರಡು ಸಂಗತಿ ಸೇರಿಸಿದ ಕಲ್ಲುಗಳನ್ನು ನಾವು ಊರಲ್ಲೂ ಕಂಡಿದ್ದೇವೆ; ಇತರ ಆಧಾರ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಇನ್ನೊಂದು ವಿಷಯ. ಈ ಫಲಕದಲ್ಲಿ ಸಂಖ್ಯೆ ಇದೆ, ಹೆಸರಿಲ್ಲ.

ಮನಿಲಿಯೊನ ಮನೆ: 2221ನೇ ವರ್ಷ

ಬೀದಿಯ ಇನ್ನೊಂದು ತುದಿಯಲ್ಲಿ ಲೊರೆಂಜೊ ಮನಿಲಿಯೊ ಎಂಬಾತ ಕಟ್ಟಿಸಿದ ಮನೆ. ಮುಂಭಾಗದ ಉದ್ದಕ್ಕೂ, ಅಂಗಡಿ ಬಾಗಿಲುಗಳ ಮೇಲೆ, ಪ್ರಾಚೀನ ರೋಮ್‌ನ ಶೈಲಿಯನ್ನೇ ಅನುಕರಿಸಿದ ದೊಡ್ಡ ಅಕ್ಷರಗಳು. ರೋಮ್ ತನ್ನ ಹಿಂದಿನ ರೂಪದಲ್ಲಿ ಮತ್ತೆ ಹುಟ್ಟುತ್ತಿರುವಾಗ, ಊರಿನ ಮೇಲಿನ ಪ್ರೀತಿಯಿಂದ, ತನ್ನ ಸಾಧಾರಣ ಸಂಪತ್ತಿಗೆ ತಕ್ಕಂತೆ, ತನಗೂ ತನ್ನ ಸಂತತಿಗೂ ಅಂತ 'ಯಹೂದಿಗಳ ಚೌಕ'ದ ಬಳಿ ಈ ಮನೆಯನ್ನು ತಳಪಾಯದಿಂದ ಕಟ್ಟಿಸಿದೆ ಎನ್ನುತ್ತಾನೆ. ತನ್ನ ಹೆಸರನ್ನು 'ಮಾನ್ಲಿಯುಸ್' ಅಂತ ಬರೆಸಿ ಪ್ರಾಚೀನ ರೋಮ್‌ನ ಒಂದು ದೊಡ್ಡ ಮನೆತನಕ್ಕೆ ಗಂಟು ಹಾಕಿಕೊಂಡಿದ್ದಾನೆ. ವಂಶಾವಳಿಯನ್ನು ಯದುವಂಶಕ್ಕೆ ಜೋಡಿಸುವ ನಮ್ಮ ಅರಸರು ನೆನಪಾದರು. ಹಳೆಯ ಸಮಾಧಿಗಳ ಉಬ್ಬುಶಿಲ್ಪ ತಂದು ಗೋಡೆಗೆ ಸೇರಿಸಿದ್ದಾನೆ. ಜಿಂಕೆ ಮೇಲೆ ಬಿದ್ದ ಸಿಂಹ ಒಂದು ಕಡೆ, ಸಾಲಾಗಿ ನಾಲ್ಕು ಮುಖಗಳು ಇನ್ನೊಂದು ಕಡೆ. ಪಕ್ಕದ ಬದಿಯ ಕಿಟಕಿಗಳ ಮೇಲೆ 'ಹಾವೆ ರೋಮಾ', ರೋಮ್‌ಗೆ ನಮಸ್ಕಾರ!

ತೇದಿ ಲೆಕ್ಕ ಹಾಕುವವರಿಗೆ ಇಲ್ಲಿ ಒಳ್ಳೆಯ ಕೆಲಸವಿದೆ. ಎರಡು 'ಎಂ', ಎರಡು 'ಸಿ', ಎರಡು 'ಎಕ್ಸ್', ಒಂದು 'ಐ': ಅಂದರೆ ರೋಮ್ ನಗರ ಸ್ಥಾಪನೆಯಾಗಿ 2221. ಪೋಪ್ ಆಳುವ ಊರಿನಲ್ಲಿ ಇವನು ಕ್ರಿಸ್ತಶಕ ಬಿಟ್ಟು ನಗರದ ಶಕ ಹಿಡಿದಿದ್ದಾನೆ. ಸಂಪ್ರದಾಯದ ಕ್ರಿ.ಪೂ. 753ರಿಂದ ಎಣಿಸಿದರೆ 1468. ಮೇಲೆ 3 ತಿಂಗಳು, 2 ದಿನ ಅಂತಲೂ ಇದೆ. ಮಾಸದ ತೇದಿ ಆಗಸ್ಟ್ ಒಂದಕ್ಕೆ ಹಿಂದಿನ 11ನೇ ದಿನ. ರೋಮನ್ನರು ಎರಡೂ ತುದಿಯ ದಿನ ಸೇರಿಸಿ ಎಣಿಸುತ್ತಾರೆ, ಹಾಗಾಗಿ ಅದು ಜುಲೈ 22. ರೋಮ್‌ನ ಹುಟ್ಟುಹಬ್ಬ ಏಪ್ರಿಲ್ 21. ಅಲ್ಲಿಂದ ಮೂರು ತಿಂಗಳಿಗೆ ಜುಲೈ 20 ಮುಗಿಯಿತು, ಇನ್ನೆರಡು ದಿನ ಸೇರಿಸಿ. ಜುಲೈ 22! ಪಂಚಾಂಗ ಇಟ್ಟುಕೊಂಡು ತಿಥಿ, ವಾರ ಕೂಡಿಸಿದಾಗ ಸಿಗುವ ಖುಷಿಯೇ ಬೀದಿಯಲ್ಲಿ ನಿಂತ ನನಗೆ ಸಿಕ್ಕಿತು.

ಆದರೆ ಈ ಶಾಸನದ ಮುಖ್ಯ ಮಾತು 'ಯಹೂದಿಗಳ ಚೌಕ' ಎಂಬ ಸ್ಥಳನಾಮ. ಮನೆ ಕಟ್ಟಿದ್ದು 1468. ಗೋಡೆ ಎದ್ದದ್ದು 1555. ಗೋಡೆಗೆ 87 ವರ್ಷ ಮೊದಲೇ ಈ ಜಾಗ ಯಹೂದಿಗಳ ಹೆಸರಿನಲ್ಲಿ ಗುರುತಾಗಿತ್ತು, ಅವರ ಮಧ್ಯೆ ಮನೆ ಕಟ್ಟಿದ್ದನ್ನು ಮನಿಲಿಯೊ ಹೆಮ್ಮೆಯಿಂದಲೇ ಕೆತ್ತಿಸಿದ. ಆ ಚೌಕದಲ್ಲಿ ಇದ್ದವರು ಮಾತ್ರ ಹೀಗೆ ಹೆಸರು ಕೆತ್ತಿಸಲಿಲ್ಲ. 1555ರ ನಂತರ ಕೆತ್ತಿಸುವುದು ಹೇಗೆ? ಸ್ವಂತ ಮನೆಯೇ ಇಲ್ಲದವರಿಗೆ ಗೋಡೆ ಎಲ್ಲಿಂದ ಬರಬೇಕು?

ಗೋರಿಯ ಮೇಲೂ ಇಲ್ಲ

ಮನೆಯ ಮೇಲೆ ಇಲ್ಲದಿದ್ದರೆ ಹೋಗಲಿ, ಗೋರಿಯ ಮೇಲಾದರೂ ಇರಬೇಕಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಈ ಸಮುದಾಯ ಕ್ರಿ.ಪೂ. 2ನೇ ಶತಮಾನದಿಂದ ರೋಮ್‌ನಲ್ಲಿದೆ. ನಗರದ ಹೊರಗಿನ ನೆಲಮಾಳಿಗೆಯ ಯಹೂದಿ ಸಮಾಧಿಗಳಲ್ಲಿ ಪ್ರಾಚೀನ ಕಾಲದ ನೂರಾರು ಬರಹಗಳು ಸಿಕ್ಕಿವೆ. ಹೆಚ್ಚಿನವು ಗ್ರೀಕ್‌ನಲ್ಲಿ, ಪಕ್ಕದಲ್ಲಿ ಏಳು ಕವಲಿನ ದೀಪದ ಚಿತ್ರ. ಅಂದರೆ ಹೆಸರು ಬರೆಯುವ ರೂಢಿ ಅವರಲ್ಲಿ ಚೆನ್ನಾಗಿಯೇ ಇತ್ತು.

ಅದನ್ನು ನಿಲ್ಲಿಸಿದ್ದು ಆಜ್ಞೆ. 1625ರಲ್ಲಿ ಪೋಪ್ ಎಂಟನೇ ಅರ್ಬನ್, ರೋಮ್‌ನ ಯಹೂದಿಗಳು ಗೋರಿಗಳ ಮೇಲೆ ಬರಹದ ಕಲ್ಲು ಇಡಬಾರದು ಎಂದು ನಿಷೇಧಿಸಿದ. 1775ರಲ್ಲಿ ಆರನೇ ಪಯಸ್ ಹೊರಡಿಸಿದ ಕಟ್ಟಳೆ ಅದನ್ನೇ ಮತ್ತೆ ಹೇಳಿತು. ಶಾಸನ ಕೆತ್ತಬಾರದು ಎಂಬುದೇ ಶಾಸನ!

ರೋಮನ್ನರಿಗೆ ಕಲ್ಲಿನಿಂದ ಹೆಸರು ತೆಗೆಯೋದು ಎಂಥ ಶಿಕ್ಷೆ ಅಂತ ಗೊತ್ತಿತ್ತು. ಪೋರ್ಟಿಕೊ ರಿಪೇರಿಯಾದ ಅದೇ 203ರಲ್ಲಿ ಫೋರಂನಲ್ಲಿ ಸೆವೆರುಸನ ವಿಜಯಕಮಾನು ನಿಂತಿತು. ಅದರಲ್ಲಿ ಅವನ ಕಿರಿಯ ಮಗ ಗೇಟಾನ ಹೆಸರೂ ಇತ್ತು. 211ರಲ್ಲಿ ಕಾರಕಲ್ಲಾ ತಮ್ಮನನ್ನು ಕೊಲ್ಲಿಸಿ ಆ ಹೆಸರನ್ನು ಕೆತ್ತಿ ಹಾಕಿಸಿದ, ಅದರ ಮೇಲೆ ಬೇರೆ ಬಿರುದು ತುಂಬಿಸಿದ. ಆದರೂ ಲೋಹದ ಅಕ್ಷರ ಕೂರಿಸಿದ್ದ ತೂತುಗಳ ಜಾಡು ಹಿಡಿದು ವಿದ್ವಾಂಸರು ಗೇಟಾನನ್ನು ಮತ್ತೆ ಓದಿದರು. ಅಳಿಸಿದ ಹೆಸರಿಗೆ ತೂತಾದರೂ ಉಳಿಯುತ್ತೆ. ಕೆತ್ತಲು ಬಿಡದ ಹೆಸರಿಗೆ ಏನು ಉಳಿಯುತ್ತೆ?

ಕೇರಿಯ ಗೋಡೆ 1848ರಲ್ಲಿ ಬಿತ್ತು. 1870ರಲ್ಲಿ ಪೋಪ್ ಆಳ್ವಿಕೆ ಕೊನೆಯಾಗಿ ಯಹೂದಿಗಳು ಸಮಾನ ನಾಗರಿಕರಾದರು. 1888ರಿಂದ ಹಳೆಯ ಮನೆಗಳನ್ನು ಕೆಡವಿ, ನದಿಗೆ ಎತ್ತರದ ದಂಡೆ ಕಟ್ಟಿದರು. ಚೌಕಾಕಾರದ ಗುಮ್ಮಟವಿರುವ ದೊಡ್ಡ ಸಿನಗಾಗ್ 1904ರದು. ಅಂದರೆ ಆ ಮುನ್ನೂರು ವರ್ಷದ ಮನೆಗಳೂ ಬಹುಪಾಲು ಇಲ್ಲ.

ಕಾಲ ಕೆಳಗಿನ ಹಿತ್ತಾಳೆ

ಹಳೆಯ ಕೇರಿಯ ಇಕ್ಕಟ್ಟು ಹೇಗಿತ್ತು ಅಂತ ಅಂದಾಜು ಮಾಡಲು ಉಳಿದಿರುವುದು ವಿಯಾ ದೆಲ್ಲಾ ರೆಜಿನೆಲ್ಲಾ ಎಂಬ ಓಣಿ. 19ನೇ ಶತಮಾನದಲ್ಲಿ ಕೇರಿಯನ್ನು ಸ್ವಲ್ಪ ವಿಸ್ತರಿಸಿದಾಗ ಸೇರಿಸಿಕೊಂಡ ಓಣಿ ಅದು. ಅಗಲ ಕಡಿಮೆ, ಮನೆಗಳು ಎತ್ತರ. ಜಾಗ ಇಲ್ಲದವರು ಮೇಲಕ್ಕೇ ಹೋಗಬೇಕಲ್ಲ.

ಅಲ್ಲಿ ನಾನು ಗೋಡೆಗೆ ಕ್ಯಾಮೆರಾ ಹಿಡಿದು, ಚೌಕಟ್ಟಿಗೆ ಸಾಲದೆ ಒಂದೊಂದೇ ಹೆಜ್ಜೆ ಹಿಂದೆ ಹೋಗ್ತಾ ಇದ್ದೆ. ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಏನೋ ಅಂದು ನನ್ನ ಕಾಲ ಕಡೆ ಕೈ ತೋರಿಸಿದರು. ಭಾಷೆ ಬರದಿದ್ದರೂ ಅರ್ಥವಾಯಿತು. ಕಾಲೆತ್ತಿ ನೋಡಿದರೆ ನಾನು ನಿಂತಿದ್ದು ನೆಲಕ್ಕೆ ಹೂತ ಹಿತ್ತಾಳೆಯ ಬರಹದ ಮೇಲೆ. ಬೆಳಗ್ಗಿನಿಂದ ಗೋಡೆ, ಕಂಬ, ತೊಲೆ ಅಂತ ತಲೆ ಎತ್ತಿಕೊಂಡೇ ನಡೆದಿದ್ದೆ. ಇಂಥ ಎಷ್ಟನ್ನು ತುಳಿದುಕೊಂಡು ಬಂದೆನೋ. ನಾಚಿಕೆಯಾಯಿತು.

ಇವಕ್ಕೆ ಇಟಲಿಯಲ್ಲಿ 'ಎಡವುಗಲ್ಲು' ಎಂಬ ಅರ್ಥದ ಹೆಸರಿದೆ. ಜರ್ಮನ್ ಕಲಾವಿದ ಗುಂಟರ್ ಡೆಮ್ನಿಗ್ ಶುರು ಮಾಡಿದ ಕೆಲಸ. ರೋಮ್‌ಗೆ ಬಂದದ್ದು 2010ರಲ್ಲಿ. ಹತ್ತು ಸೆಂಟಿಮೀಟರ್ ಚೌಕ, ಮೇಲೆ ಹಿತ್ತಾಳೆಯ ತಗಡು. ಸತ್ತವರು ತಾವಾಗಿ ಬದುಕಿದ್ದ ಕೊನೆಯ ಮನೆಯ ಮುಂದೆ, ಒಬ್ಬರಿಗೆ ಒಂದು. ಪಾಠ ಎಲ್ಲ ಕಡೆ ಒಂದೇ ಅಚ್ಚಿನದು: 'ಇಲ್ಲಿ ವಾಸವಿದ್ದರು', ಹೆಸರು, ಹುಟ್ಟಿದ ವರ್ಷ, ಹಿಡಿದ ದಿನ, ಕಳಿಸಿದ ಜಾಗ, ಕೊಂದ ದಿನ. ಬಿರುದಿಲ್ಲ, ಸ್ತುತಿಯಿಲ್ಲ, ಶಾಪವಾಕ್ಯವೂ ಇಲ್ಲ.

ಬಗ್ಗದೆ ಓದಲಾಗುವುದಿಲ್ಲ. ಬಗ್ಗಿದೆ. ಒಂದೇ ಬಾಗಿಲ ಮುಂದೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬಂದಾಗ ಹುಟ್ಟಿದ ವರ್ಷಗಳನ್ನು ಕಳೆದು ವಯಸ್ಸು ಲೆಕ್ಕ ಹಾಕಿದೆ. ಮನಿಲಿಯೊನ ತೇದಿ ಕೂಡಿಬಂದಾಗ ಆದ ಖುಷಿ ಈ ಲೆಕ್ಕದಲ್ಲಿ ಇರಲಿಲ್ಲ.

ನಮ್ಮ ಊರುಗಳಲ್ಲಿ ತುರುಗಳನ್ನು ಕಾಯಲು ಹೋಗಿ ಸತ್ತವನಿಗೂ ಒಂದು ವೀರಗಲ್ಲು ಇದೆ, ಅದರಲ್ಲಿ ಅವನ ಹೆಸರಿದೆ. ಅದು ದೊಡ್ಡ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ, ಇದ್ದೇ ಇರುತ್ತೆ ಅಂದುಕೊಂಡಿದ್ದೆ. ಇದ್ದೇ ಇರುವಂಥದ್ದಲ್ಲ, ಅದಕ್ಕೂ ಯಾರೋ ಅವಕಾಶ ಕೊಟ್ಟಿರಬೇಕು, ಇನ್ಯಾರೋ ಕಿತ್ತುಕೊಳ್ಳಬಹುದು ಎಂಬುದು ತಿಳಿದದ್ದು ಆ ಓಣಿಯಲ್ಲಿ. ಸೇತುವೆ ಮಾಡಿಸಿದವನ ಹೆಸರು ನಾಲ್ಕು ಸಲ ಇದೆ. ಮೀನಿನ ತಲೆಗೂ ಕಲ್ಲಿದೆ. ಕೇರಿಯವರ ಹೆಸರು ಅವರ ಮನೆ ಬಾಗಿಲಿಗೆ ಬರಲು 2010 ಆಗಬೇಕಾಯಿತು, ಅದೂ ಕೊಲೆಯಾದವರ ಹೆಸರು ಮಾತ್ರ.

ಸಂಜೆ ಹೊತ್ತಿಗೆ ಅವೆಂಟೀನ್ ಗುಡ್ಡಕ್ಕೆ ನಡೆದೆ. ಕೇರಿಯವರ ಹಳೆಯ ಸ್ಮಶಾನ ಅಲ್ಲಿತ್ತು. 1934ರಲ್ಲಿ ಅದನ್ನು ಊರಿನ ಬೇರೆ ಸ್ಮಶಾನಕ್ಕೆ ಸ್ಥಳಾಂತರಿಸಿದರು. 1950ರಿಂದ ಅಲ್ಲಿ ನಗರದ ಗುಲಾಬಿ ತೋಟ ಇದೆ. ಹೂ ಬಿಡುವ ಕಾಲದಲ್ಲಿ ಮಾತ್ರ ತೆರೆದಿರುತ್ತೆ. ಮೇ ಆದ್ದರಿಂದ ನನಗೆ ಸಿಕ್ಕಿತು. ಯಹೂದಿ ಸಮುದಾಯದ ನೆನಪಿಗೆ ತೋಟದ ಕಾಲುದಾರಿಗಳನ್ನು ಏಳು ಕವಲಿನ ದೀಪದ ಆಕಾರದಲ್ಲಿ ಹಾಕಿದ್ದಾರೆ. ಪ್ರತಿ ಗಿಡದ ಬುಡದಲ್ಲೂ ತಳಿಯ ಹೆಸರು ಬರೆದ ಒಂದು ಪುಟ್ಟ ಪಟ್ಟಿ ಇತ್ತು. ಕೆಲವನ್ನು ಓದಿದೆ, ಆಮೇಲೆ ಓದೋದು ನಿಲ್ಲಿಸಿ ಸುಮ್ಮನೆ ನಡೆದೆ.

ನೀವು ಹೋದರೆ ಇಷ್ಟು ನೆನಪಿಡಿ. ಸೇತುವೆಯ ಶಾಸನಕ್ಕೆ ಕೆಳಗಿಳಿಯಿರಿ. ಮನಿಲಿಯೊನ ಮನೆಗೆ ಬೀದಿಯ ಆಚೆ ಬದಿಯಲ್ಲಿ ನಿಲ್ಲಿ, ಆಗ ಸಾಲು ಪೂರ್ತಿ ಕಾಣುತ್ತೆ. ರೆಜಿನೆಲ್ಲಾ ಓಣಿಯಲ್ಲಿ ಮಾತ್ರ ಮೊದಲು ಕೆಳಗೆ ನೋಡಿ.